ಕ್ರೂಸ್ ಮಾರ್ಗದ ಆಯ್ಕೆ: ದಡದ ಮೇಲಿನ ಗಂಟೆಗಳ ಲೆಕ್ಕ

ಕ್ರೂಸ್ ಕಂಪನಿಗಳ ಜಾಹೀರಾತುಗಳಲ್ಲಿ ಬಂದರುಗಳ ಹೆಸರು ದಪ್ಪ ಅಕ್ಷರಗಳಲ್ಲಿರುತ್ತದೆ. ಹಡಗು ಅಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದು ಸಣ್ಣ ಅಕ್ಷರಗಳಲ್ಲಿ, ಕೆಲವೊಮ್ಮೆ ಇನ್ನೆರಡು ಪುಟ ದಾಟಿದ ಮೇಲೆ ಸಿಗುತ್ತದೆ. ನಾನು ಮೊದಲು ಹುಡುಕುವುದು ಆ ಸಣ್ಣ ಅಕ್ಷರಗಳನ್ನೇ. ಏಳು ರಾತ್ರಿಗಳಲ್ಲಿ ಆರು ಬಂದರು ತೋರಿಸುವ ಮಾರ್ಗಕ್ಕಿಂತ ನಾಲ್ಕೇ ಬಂದರುಗಳಲ್ಲಿ ನೆಮ್ಮದಿಯಾಗಿ ನಿಲ್ಲುವ ಮಾರ್ಗದಲ್ಲಿ ದಡದ ಮೇಲೆ ಕಳೆಯಲು ಹೆಚ್ಚು ಹೊತ್ತು ಸಿಗುವುದುಂಟು, ಮತ್ತು ಈ ವ್ಯತ್ಯಾಸ ಬಂದರುಗಳ ಹೆಸರುಗಳನ್ನಷ್ಟೇ ಓದಿದವರಿಗೆ ಕಾಣಿಸುವುದೇ ಇಲ್ಲ. ಹಡಗಿನ ಗಾತ್ರ, ಕ್ಯಾಬಿನ್ನಿನ ದರ್ಜೆ, ಊಟದ ವ್ಯವಸ್ಥೆ ಇವುಗಳ ಬಗ್ಗೆ ಜನ ಗಂಟೆಗಟ್ಟಲೆ ಚರ್ಚಿಸುತ್ತಾರೆ. ನನ್ನ ಮಟ್ಟಿಗೆ ಅವೆಲ್ಲ ಮಾರ್ಗ ನಿಶ್ಚಯವಾದ ನಂತರದ ಮಾತು.

ಮೊದಲನೆಯ ತೊಡಕು ಹೆಸರಿನಲ್ಲೇ ಇದೆ. ವೇಳಾಪಟ್ಟಿಯಲ್ಲಿ ‘ರೋಮ್’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ, ಮತ್ತು ಅಲ್ಲಿಂದ ರೋಮ್ ಸುಮಾರು 80 ಕಿ.ಮೀ. ದೂರದಲ್ಲಿದೆ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹಡಗು ಬೆಳಿಗ್ಗೆ 7ಕ್ಕೆ ತಲುಪಿ ಸಂಜೆ 7ಕ್ಕೆ ಹೊರಡುತ್ತದೆ ಎಂದಿದ್ದರೆ ಹನ್ನೆರಡು ಗಂಟೆ ಕೈಯಲ್ಲಿದೆ ಎಂದು ಅನ್ನಿಸುತ್ತದೆ. ಆದರೆ 7 ಗಂಟೆ ಎಂಬುದು ಹಡಗನ್ನು ಹಗ್ಗ ಬಿಗಿದು ಕಟ್ಟುವ ಸಮಯ. ಸ್ಥಳೀಯ ಅಧಿಕಾರಿಗಳು ಅನುಮತಿ ನೀಡಿ, ಇಳಿಯುವ ಸೇತುವೆಯಾದ ಗ್ಯಾಂಗ್‌ವೇ ತೆರೆದು, ಎಲ್ಲರೂ ಒಟ್ಟಿಗೇ ಲಿಫ್ಟ್‌ಗಳಿಗೆ ಮುಗಿಬೀಳುವ ಗದ್ದಲದಿಂದ ಪಾರಾಗಿ ಹೊರಗೆ ಕಾಲಿಡುವಷ್ಟರಲ್ಲಿ ಏಳೂಮುಕ್ಕಾಲು ಆಗಿರುತ್ತದೆ. ಬಂದರಿನ ಒಳಗೆ ನಡೆದಾಡಲು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲಿ ಗೇಟಿನವರೆಗೆ ಬರಬೇಕು; ಅಲ್ಲಿಂದ ರೈಲು ನಿಲ್ದಾಣಕ್ಕೆ, ನಿಲ್ದಾಣದಿಂದ ವ್ಯಾಟಿಕನ್ನಿಗೆ ಹತ್ತಿರದ ಸ್ಯಾನ್ ಪಿಯೆತ್ರೊಗೆ ರೈಲಿನಲ್ಲಿ ಒಂದು ಗಂಟೆಯ ಹತ್ತಿರ ಬೇಕು. ಇಷ್ಟೆಲ್ಲ ಮುಗಿದಾಗ ಗಡಿಯಾರ ಹತ್ತರ ಆಸುಪಾಸಿನಲ್ಲಿರುತ್ತದೆ. ಸಂಜೆಯ ಕಡೆಯಿಂದಲೂ ಇದೇ ಲೆಕ್ಕ ಹಿಡಿಯಬೇಕು: ಪ್ರಯಾಣಿಕರೆಲ್ಲರೂ ಹಡಗಿನಲ್ಲಿರಬೇಕಾದ ಗಡುವು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಇರುತ್ತದೆ, ಅದಕ್ಕಿಂತ ಒಂದು ಗಂಟೆ ಮೊದಲೇ ಬಂದರಿನಲ್ಲಿರುವುದು ವಿವೇಕ. ಹಾಗಾಗಿ ರೋಮಿನಿಂದ ಮಧ್ಯಾಹ್ನ ಮೂರೂವರೆಯ ಒಳಗೆ ಹೊರಡಬೇಕಾಗುತ್ತದೆ. ಹನ್ನೆರಡು ಗಂಟೆ ಹೀಗೆ ಐದೂವರೆಯಾಯಿತು. ಐದೂವರೆ ಗಂಟೆ ಕಡಿಮೆಯೇನಲ್ಲ; ವ್ಯಾಟಿಕನ್ ಮ್ಯೂಸಿಯಂ ಮತ್ತು ಸೇಂಟ್ ಪೀಟರ್ಸ್ ನೋಡಬಹುದು, ಇಲ್ಲವೇ ಕೊಲೋಸಿಯಂ ಮತ್ತು ರೋಮನ್ ಫೋರಂ ನೋಡಬಹುದು. ಎರಡನ್ನೂ ನೋಡುತ್ತೇನೆ ಎಂದು ಹೊರಟವರು ಎರಡರ ಮುಂದೆಯೂ ಸರತಿಯಲ್ಲಿ ನಿಂತು ಮರಳುತ್ತಾರೆ.

ಈ ಲೆಕ್ಕವನ್ನು ಬುಕ್ ಮಾಡುವ ಮೊದಲೇ ಪ್ರತಿಯೊಂದು ಬಂದರಿಗೂ ಹಾಕಬೇಕು ಎಂಬುದೇ ನನ್ನ ಮುಖ್ಯ ಮಾತು. ಪ್ಯಾರಿಸ್ ಎಂದು ತೋರಿಸುವ ಬಂದರು ಲೆ ಆವ್ರ್. ಪ್ಯಾರಿಸ್ ಅಲ್ಲಿಂದ ಸುಮಾರು 200 ಕಿ.ಮೀ. ಬರ್ಲಿನ್ ಎಂಬ ಹೆಸರಿನಲ್ಲಿ ಹಡಗು ವಾರ್ನೆಮ್ಯುಂಡೆಯಲ್ಲಿ ನಿಲ್ಲುತ್ತದೆ, ಬರ್ಲಿನ್ನಿಗೆ ಹೋಗಲು ಮೂರು ಗಂಟೆ, ಮರಳಲು ಮೂರು ಗಂಟೆ. ಬ್ಯಾಂಕಾಕ್ ಎಂದರೆ ಲಾಯೆಮ್ ಚಬಾಂಗ್, ನೂರು ಕಿ.ಮೀ.ಗಿಂತ ಹೆಚ್ಚಿನ ದಾರಿ, ನಗರದೊಳಗಿನ ವಾಹನ ದಟ್ಟಣೆ ಬೇರೆ. ವೆನಿಸ್‌ನ ಕಥೆ ಇನ್ನೂ ವಿಚಿತ್ರ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಜೂಡೆಕ್ಕಾ ಕಾಲುವೆಯ ಮೂಲಕ ಸಾಗುವಂತಿಲ್ಲ, ಆದ್ದರಿಂದ ‘ವೆನಿಸ್’ ಎಂದು ಬರೆದ ಮಾರ್ಗ ಕೆಲವೊಮ್ಮೆ ತ್ರಿಯೆಸ್ತೆಯಲ್ಲಿಯೋ ರವೆನ್ನಾದಲ್ಲಿಯೋ ಆರಂಭವಾಗುತ್ತದೆ, ಮತ್ತು ಅಲ್ಲಿಂದ ವೆನಿಸ್‌ಗೆ ರಸ್ತೆಯಲ್ಲಿ ಎರಡು ಗಂಟೆಯ ಹತ್ತಿರ ಹಿಡಿಯುತ್ತದೆ. ಇವು ಮೋಸ ಎಂದು ಹೇಳಲಾರೆ, ಆವರಣ ಚಿಹ್ನೆಯೊಳಗೆ ನಿಜವಾದ ಬಂದರಿನ ಹೆಸರನ್ನು ಕೊಟ್ಟಿರುತ್ತಾರೆ. ಆದರೆ ಆವರಣದೊಳಗಿನದನ್ನು ಓದುವ ಅಭ್ಯಾಸ ನಮಗೆ ಕಡಿಮೆ.

ಇದಕ್ಕೆ ವಿರುದ್ಧವಾಗಿ, ಹಡಗಿನಿಂದ ಇಳಿದ ಕೂಡಲೇ ಊರಿನೊಳಗೇ ಇರುವಂಥ ಬಂದರುಗಳಿವೆ. ಮಾಂಟೆನೆಗ್ರೊದ ಕೋಟೋರ್‌ನಲ್ಲಿ ಕಟ್ಟೆಯಿಂದ ಹಳೆಯ ಊರಿನ ಕೋಟೆಬಾಗಿಲಿಗೆ ಕೆಲವೇ ನಿಮಿಷಗಳ ನಡಿಗೆ. ಮಾಲ್ಟಾದ ವಲೆಟ್ಟಾದಲ್ಲಿ ಹಡಗುಕಟ್ಟೆಯ ಹತ್ತಿರದಿಂದಲೇ 58 ಮೀಟರ್ ಎತ್ತರದ ಬರಾಕ್ಕಾ ಲಿಫ್ಟ್ ಏರಿದರೆ ನೇರವಾಗಿ ಮೇಲಿನ ಉದ್ಯಾನಕ್ಕೆ ಬಂದುಬಿಡುತ್ತೇವೆ, ಅಲ್ಲಿಂದ ಮಧ್ಯಾಹ್ನ 12ಕ್ಕೆ ಹಾರಿಸುವ ತೋಪಿನ ಸಲಾಮನ್ನೂ ನೋಡಬಹುದು. ನಾರ್ವೆಯ ಬರ್ಗೆನ್, ಪೋರ್ಟೊ ರಿಕೊದ ಹಳೆಯ ಸ್ಯಾನ್ ವಾನ್, ಅಲಾಸ್ಕಾದ ಕೆಚಿಕಾನ್ ಕೂಡ ಇದೇ ಬಗೆಯವು. ಇಂಥಲ್ಲಿ ಆರು ಗಂಟೆಯ ನಿಲುಗಡೆ ಸಾಕು; ಅದೇ ಆರು ಗಂಟೆ ಚಿವಿತಾವೆಕ್ಕಿಯಾದಲ್ಲಿ ಸಿಕ್ಕಿದ್ದರೆ ಹಡಗಿನಲ್ಲೇ ಉಳಿದುಬಿಡುವುದು ಲೇಸು.

ಕಂಪನಿಗಳು ವೇಳಾಪಟ್ಟಿಯನ್ನು ಯಾಕೆ ಹೀಗೆ ಹೆಣೆಯುತ್ತವೆ ಎಂಬುದನ್ನು ತಿಳಿದರೆ ಪಟ್ಟಿ ಓದುವುದು ಸುಲಭವಾಗುತ್ತದೆ. ದೊಡ್ಡ ಹಡಗಿನ ವೇಗ ಸಾಮಾನ್ಯವಾಗಿ 20 ನಾಟ್‌ಗಳ ಆಸುಪಾಸಿನಲ್ಲಿರುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಸಂಜೆ 6ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ತಲುಪುವುದಾದರೆ ಒಂದು ರಾತ್ರಿಯಲ್ಲಿ ಹಡಗು ದಾಟಬಲ್ಲದ್ದು ಹೆಚ್ಚೆಂದರೆ 445 ಕಿ.ಮೀ. ವೇಗ ಸ್ವಲ್ಪ ಹೆಚ್ಚಿಸಿದರೂ ಇಂಧನದ ಬಳಕೆ ಅದರ ಅನೇಕ ಪಟ್ಟು ಏರುವುದರಿಂದ, ಎರಡು ಬಂದರುಗಳ ನಡುವಿನ ದೂರ ಹೆಚ್ಚಾದಾಗ ಕಂಪನಿ ವೇಗವನ್ನು ಏರಿಸುವ ಬದಲು ಬಂದರಿನಲ್ಲಿ ನಿಲ್ಲುವ ಹೊತ್ತನ್ನು ಕತ್ತರಿಸುತ್ತದೆ. ಇನ್ನೊಂದು ಕಾರಣವನ್ನು ಯಾರೂ ಬರೆದು ಪ್ರಕಟಿಸುವುದಿಲ್ಲ: ಹಡಗಿನ ಕ್ಯಾಸಿನೊ ಮತ್ತು ತೆರಿಗೆರಹಿತ ಅಂಗಡಿಗಳು ಬಹುತೇಕ ಬಂದರುಗಳಲ್ಲಿ ಮುಚ್ಚಿರಬೇಕು, ಸಮುದ್ರಕ್ಕೆ ಹೋದ ಮೇಲಷ್ಟೇ ತೆರೆಯಬಹುದು. ಮಧ್ಯಾಹ್ನ ಒಂದು ಗಂಟೆಗೆ ಬಂದು ಆರಕ್ಕೆ ಹೊರಡುವ ನಿಲುಗಡೆ ಯಾರ ಅನುಕೂಲಕ್ಕೆ ಎಂದು ಯೋಚಿಸುವಾಗ ಇದನ್ನೂ ನೆನಪಿನಲ್ಲಿಡಬೇಕು.

ಪಟ್ಟಿಯಲ್ಲಿ ಕಾಣಿಸುವ ಎಲ್ಲ ನಿಲುಗಡೆಗಳೂ ಒಂದೇ ಬಗೆಯವಲ್ಲ. ಕೆರಿಬಿಯನ್ ಮಾರ್ಗಗಳಲ್ಲಿ ಕಂಪನಿಯ ಖಾಸಗಿ ದ್ವೀಪವೂ ಒಂದು ಬಂದರೆಂದು ಲೆಕ್ಕಕ್ಕೆ ಬರುತ್ತದೆ. ಕಡಲತೀರದಲ್ಲಿ ಮಲಗಿರಬೇಕು ಎನ್ನುವವರಿಗೆ ಅದು ಸೊಗಸಾದ ಜಾಗ, ಒಂದು ನಾಡನ್ನು ನೋಡಬೇಕು ಎನ್ನುವವರಿಗೆ ಅಲ್ಲಿ ಹಡಗೇ ದಡಕ್ಕೆ ಬಂದಂತಿರುತ್ತದೆ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಅಲಾಸ್ಕಾ ಮಾರ್ಗಗಳಲ್ಲಿ ಕೆನಡಾದ ವಿಕ್ಟೋರಿಯಾ ಎಂಬ ಬಂದರು ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿ ಬರುತ್ತದೆ, ಕೆಲವೇ ಗಂಟೆಗಳ ಕಾಲ. ಅದು ಇರುವುದು 1886ರ ಒಂದು ಕಾನೂನಿನ ದೆಸೆಯಿಂದ: ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಒಂದಾದರೂ ವಿದೇಶಿ ಬಂದರನ್ನು ಮುಟ್ಟಲೇಬೇಕು. ವಿಕ್ಟೋರಿಯಾದ ಪ್ರಸಿದ್ಧ ಬುಚಾರ್ಟ್ ಉದ್ಯಾನವನ್ನು ನೋಡಬೇಕೆಂದು ಆಸೆಪಟ್ಟು ಅಂಥ ಮಾರ್ಗವನ್ನು ಆರಿಸಿಕೊಂಡರೆ ಕತ್ತಲಾಗುವ ಹೊತ್ತಿಗೆ ಅಲ್ಲಿಗೆ ತಲುಪಬೇಕಾದೀತು.

ಅಲಾಸ್ಕಾದ ಮಾತು ಬಂದಿದ್ದರಿಂದ ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಮಾರ್ಗದ ಆಯ್ಕೆಯಿಂದ ಪ್ರವಾಸದ ರೂಪವೇ ಬದಲಾಗುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ತೆರೆದ ಪೆಸಿಫಿಕ್ ಸಾಗರದ ಮೇಲೆ ಹೋಗುತ್ತವೆ. ಅಲೆಯ ಹೊಡೆತವೂ ಹೆಚ್ಚು, ದಾರಿಯಲ್ಲಿ ಕಣ್ಣಿಗೆ ಬೀಳುವುದೂ ಕಡಿಮೆ. ವ್ಯಾಂಕೂವರ್ ನಗರದಿಂದ ಹೊರಡುವವು ದ್ವೀಪಕ್ಕೂ ನೆಲಕ್ಕೂ ನಡುವಿನ ಒಳದಾರಿಯಲ್ಲಿ, ಅಂದರೆ ಇನ್‌ಸೈಡ್ ಪ್ಯಾಸೇಜ್‌ನಲ್ಲಿ ಸಾಗುತ್ತವೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಮಾರ್ಗವನ್ನು ಆರಿಸಿಕೊಂಡರೆ ಸಿವರ್ಡ್ ಅಥವಾ ವಿಟಿಯರ್‌ನಲ್ಲಿ ಇಳಿದು ಡೆನಾಲಿ ರಾಷ್ಟ್ರೀಯ ಉದ್ಯಾನದ ಕಡೆಗೂ ಹೋಗಬಹುದು, ವಿಮಾನದ ಖರ್ಚು ಮಾತ್ರ ಹೆಚ್ಚುತ್ತದೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನವೊಂದಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶವಿರುವುದರಿಂದ ಎಲ್ಲ ಕಂಪನಿಗಳ ಎಲ್ಲ ಮಾರ್ಗಗಳಲ್ಲೂ ಅದು ಇರುವುದಿಲ್ಲ. ಇದ್ದ ಮಾರ್ಗವನ್ನು ನಾನು ಉಳಿದೆಲ್ಲಕ್ಕಿಂತ ಮೇಲಿಡುತ್ತೇನೆ. ಅಲ್ಲಿ ಯಾರೂ ಇಳಿಯುವುದಿಲ್ಲ. ಉದ್ಯಾನದ ರೇಂಜರ್‌ಗಳೇ ದೋಣಿಯಲ್ಲಿ ಬಂದು ಹಡಗನ್ನು ಹತ್ತಿ, ದಿನವಿಡೀ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ. ಹಿಮನದಿಯ ಮುಂದೆ ಹಡಗು ನಿಂತಿದ್ದಾಗ ಮೊದಲು ಕಾಣುವುದು ಮಂಜುಗಡ್ಡೆಯ ಕಂಬವೊಂದು ಓರೆಯಾಗಿ ನೀರಿಗೆ ಬೀಳುವುದು. ಸದ್ದು ಬರುವುದು ಆಮೇಲೆ, ನೀರು ಆಗಲೇ ಎದ್ದು ಅಡಗುತ್ತಿರುವಾಗ. ನಡುವಿನ ದೂರ ಎಷ್ಟಿದೆ ಎಂಬುದು ಆ ವಿಳಂಬದಿಂದಲೇ ಗೊತ್ತಾಗುತ್ತದೆ, ಎದುರಿನ ಗೋಡೆ ಎಷ್ಟು ದೊಡ್ಡದು ಎಂಬುದೂ ಆಗಲೇ.

ಇಂಥ ಜಾಗಗಳಲ್ಲಿ ದಾರಿಯೇ ನೋಟ, ಬಂದರು ನೆಪ. ಕೋಟೋರ್ ಕೊಲ್ಲಿಯೂ ಹಾಗೆಯೇ. ಹಡಗು ತೆರೆದ ಸಮುದ್ರವನ್ನು ಬಿಟ್ಟು ಒಳಗೆ ತಿರುಗಿದ ಮೇಲೆ ಕೋಟೋರ್ ಊರು ತಲುಪಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಡುವೆ ವೆರಿಗೆ ಎಂಬ ಜಲಸಂಧಿ ಸುಮಾರು 340 ಮೀಟರ್‌ಗಳಷ್ಟು ಕಿರಿದಾಗುತ್ತದೆ, ಅದನ್ನು ದಾಟಿದ ಕೂಡಲೇ ಪೆರಾಸ್ಟ್ ಊರಿನ ಎದುರಿಗೆ ಎರಡು ಪುಟ್ಟ ದ್ವೀಪಗಳು ಬರುತ್ತವೆ, ಒಂದರ ಮೇಲೆ ಸೈಪ್ರಸ್ ಮರಗಳ ನಡುವೆ ಮಠ, ಇನ್ನೊಂದರ ಮೇಲೆ ನೀಲಿ ಗುಮ್ಮಟದ ಚರ್ಚು. ಈ ಎರಡನೆಯದು ಕಲ್ಲು ತುಂಬಿ ಮಾಡಿದ ದ್ವೀಪ. ಹಡಗು ಎಂಟು ಗಂಟೆಗೆ ನಿಲ್ಲುತ್ತದೆ ಎಂದು ಬರೆದಿದೆಯಲ್ಲ ಎಂದು ಏಳೂವರೆಯವರೆಗೆ ಮಲಗಿದ್ದವರು ಆ ದಿನದ ಅರ್ಧ ಸೊಗಸನ್ನು ಕಳೆದುಕೊಂಡಿರುತ್ತಾರೆ. ಆದ್ದರಿಂದ ವೇಳಾಪಟ್ಟಿಯಲ್ಲಿ ತಲುಪುವ ಸಮಯ ನೋಡುವಾಗ ಅದಕ್ಕೆ ಹಿಂದಿನ ಎರಡು ಗಂಟೆಯಲ್ಲಿ ಬೆಳಕಿರುತ್ತದೆಯೇ, ಹಡಗು ಎಲ್ಲಿ ಸಾಗುತ್ತಿರುತ್ತದೆ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿಕೊಳ್ಳುವುದು ಒಳ್ಳೆಯದು. ನಾರ್ವೆಯ ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕವಲುಗಳಾದ ಫ್ಯೋರ್ಡ್‌ಗಳು, ವಲೆಟ್ಟಾದ ಮಹಾಬಂದರು, ಇಸ್ತಾಂಬುಲ್‌ನ ಬಾಸ್ಪೊರಸ್ ಇವೆಲ್ಲವೂ ಡೆಕ್ಕಿನ ಮೇಲಿಂದಲೇ ನೋಡಬೇಕಾದವು. ಪನಾಮ ಕಾಲುವೆಯ ಮಾರ್ಗಗಳಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು: ‘ಭಾಗಶಃ’ ಎಂದಿದ್ದರೆ ಹಡಗು ನೀರು ತುಂಬಿ ಮೇಲೆತ್ತುವ ಗಟೂನ್ ಲಾಕ್‌ಗಳನ್ನು ಏರಿ, ಸಮುದ್ರಮಟ್ಟದಿಂದ 26 ಮೀಟರ್ ಮೇಲಿನ ಕೆರೆಯನ್ನು ಮುಟ್ಟಿ, ಬಂದ ದಾರಿಯಲ್ಲೇ ಇಳಿಯುತ್ತದೆ, ಒಂದು ಸಾಗರದಿಂದ ಇನ್ನೊಂದಕ್ಕೆ ದಾಟುವುದಿಲ್ಲ.

ಋತುವಿನ ವಿಚಾರ ಎಲ್ಲರಿಗೂ ಗೊತ್ತಿರುವಂಥದ್ದೇ, ಹಾಗಾಗಿ ಬೇಗ ಮುಗಿಸುತ್ತೇನೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆಗ ಕೆರಿಬಿಯನ್‌ನ ದರಗಳು ಇಳಿದಿರುತ್ತವೆ, ಬಂದರುಗಳು ಅದಲುಬದಲಾಗುವ ಸಂಭವ ಏರಿರುತ್ತದೆ. ಮೆಡಿಟರೇನಿಯನ್‌ಗೆ ಮೇ ಮತ್ತು ಅಕ್ಟೋಬರ್ ಹಿತ. ಬೇಸಿಗೆಯ ನಡುವಿನಲ್ಲಿ ಬಿಸಿಲು ವಿಪರೀತವಾದ ದಿನಗಳಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಅನ್ನು ಮಧ್ಯಾಹ್ನದ ಹೊತ್ತು ಮುಚ್ಚಿದ್ದೂ ಇದೆ, ಮತ್ತು ಹಡಗಿನವರಿಗೆ ಸಿಗುವುದು ಆ ಹೊತ್ತೇ. ನಾರ್ವೆಯಲ್ಲಿ ಮೇ ಕೊನೆಯಿಂದ ಜೂನ್‌ವರೆಗೆ ಹಿಮ ಕರಗಿ ಜಲಪಾತಗಳು ತುಂಬಿರುತ್ತವೆ.

ವಾರದ ಯಾವ ದಿನ ಎಂಬ ವಿಚಾರವನ್ನು ಮಾತ್ರ ಬಹಳ ಜನ ಯೋಚಿಸುವುದೇ ಇಲ್ಲ. ಒಂದು ಹಡಗು ಪ್ರತಿ ಶನಿವಾರ ಹೊರಟು ಒಂದೇ ಮಾರ್ಗದಲ್ಲಿ ಸುತ್ತುತ್ತಿದ್ದರೆ ಅದು ಆ ಇಡೀ ಋತುವಿನಲ್ಲಿ ಒಂದೊಂದು ಬಂದರನ್ನು ವಾರದ ಒಂದು ನಿರ್ದಿಷ್ಟ ದಿನದಂದೇ ಮುಟ್ಟುತ್ತದೆ. ಫ್ಲಾರೆನ್ಸಿನ ಉಫಿಜಿ ಮತ್ತು ಅಕಾಡೆಮಿಯಾ ಕಲಾಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ. ಹಾಗಾಗಿ ಫ್ಲಾರೆನ್ಸಿಗೆ ಹೋಗಲು ಇಳಿಯುವ ಲಿವೊರ್ನೊ ಬಂದರನ್ನು ಸೋಮವಾರ ಮುಟ್ಟುವ ಮಾರ್ಗದಲ್ಲಿ ಅಕಾಡೆಮಿಯಾದಲ್ಲಿರುವ ಮೈಕೆಲೆಂಜೆಲೊನ ಡೇವಿಡ್ ಶಿಲ್ಪವನ್ನು ನೋಡುವ ಮಾತೇ ಇಲ್ಲ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟು ಉಳಿದ ಭಾನುವಾರಗಳಂದು ಮುಚ್ಚಿರುತ್ತದೆ. ಇಸ್ತಾಂಬುಲ್‌ನಲ್ಲಿ ತೋಪ್‌ಕಾಪಿ ಅರಮನೆಗೆ ಮಂಗಳವಾರ ರಜೆ, ಗ್ರ್ಯಾಂಡ್ ಬಜಾರ್‌ಗೆ ಭಾನುವಾರ ರಜೆ. ನೇಪಲ್ಸ್ ಹತ್ತಿರದ ಪ್ರಾಚೀನ ನಗರ ಪೊಂಪೈ ಬಹುಮಟ್ಟಿಗೆ ಎಲ್ಲ ದಿನವೂ ತೆರೆದಿರುವುದರಿಂದ ನೇಪಲ್ಸ್‌ನ ನಿಲುಗಡೆಗೆ ಈ ಚಿಂತೆ ಇಲ್ಲ. ಒಂದೇ ಹಡಗು, ಒಂದೇ ದರ, ಒಂದೇ ಬಂದರುಗಳಿರುವ ಎರಡು ಮಾರ್ಗಗಳಲ್ಲಿ ಸುತ್ತುವ ದಿಕ್ಕು ಬೇರೆಯಾಗಿದ್ದರೆ ಸಾಕು, ಒಂದರಲ್ಲಿ ಎಲ್ಲ ತೆರೆದಿದ್ದು ಇನ್ನೊಂದರಲ್ಲಿ ಎರಡು ಕಡೆ ಬಾಗಿಲು ಮುಚ್ಚಿರಬಹುದು. ಇದನ್ನು ನೋಡಿಕೊಳ್ಳಲು ಕ್ಯಾಲೆಂಡರ್ ಮುಂದಿಟ್ಟುಕೊಂಡು ಕಾಲು ಗಂಟೆ ಕುಳಿತರಾಯಿತು.

ಅಂದು ಅದೇ ಬಂದರಿಗೆ ಬೇರೆ ಎಷ್ಟು ಹಡಗುಗಳು ಬರುತ್ತವೆ ಎಂಬುದನ್ನೂ ತಿಂಗಳುಗಳ ಮೊದಲೇ ನೋಡಬಹುದು. ಬಂದರು ಆಡಳಿತಗಳು ಮತ್ತು ಹಡಗುಗಳ ಜಾಡು ಹಿಡಿಯುವ ಜಾಲತಾಣಗಳು ವೇಳಾಪಟ್ಟಿಯನ್ನು ಪ್ರಕಟಿಸುತ್ತವೆ. ಡುಬ್ರೋವ್ನಿಕ್, ಸ್ಯಾಂಟೊರಿನಿ, ಜೂನೋದಂಥ ಊರುಗಳು ಹಡಗುಗಳ ಅಥವಾ ಪ್ರಯಾಣಿಕರ ಸಂಖ್ಯೆಗೆ ಮಿತಿ ಹಾಕಿಕೊಂಡಿವೆ, ಆದರೂ ಮಿತಿಯ ಒಳಗೇ ಸಾವಿರಾರು ಜನ ಒಂದೇ ಬೀದಿಗೆ ಇಳಿಯುತ್ತಾರೆ. ಸ್ಯಾಂಟೊರಿನಿಯಲ್ಲಿ ಈ ಸಂಖ್ಯೆಗೆ ಬೇರೆಡೆಗಿಂತ ಹೆಚ್ಚಿನ ಅರ್ಥವಿದೆ. ಅಲ್ಲಿ ದೊಡ್ಡ ಹಡಗುಗಳಿಗೆ ಕಟ್ಟೆಯಿಲ್ಲ. ಅವು ಜ್ವಾಲಾಮುಖಿಯ ಕುಳಿಯ ನಡುವೆ ನಿಲ್ಲುತ್ತವೆ, ದೋಣಿಗಳು ಜನರನ್ನು ಬಂಡೆಯ ಬುಡದ ಹಳೆಯ ಬಂದರಿಗೆ ಒಯ್ಯುತ್ತವೆ. ಅಲ್ಲಿಂದ ಮೇಲಿನ ಫಿರಾ ಊರಿಗೆ ಕೇಬಲ್ ಕಾರ್ ಇದೆ, ಇಲ್ಲವಾದರೆ 580ಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಅವುಗಳ ಮೇಲೆ ಹೇಸರಗತ್ತೆಗಳೂ ಅವುಗಳ ಲದ್ದಿಯೂ ಇವೆ. ನಾಲ್ಕು ಹಡಗುಗಳ ಜನ ಸಂಜೆ ಒಟ್ಟಿಗೇ ಇಳಿಯಲು ನಿಂತಾಗ ಕೇಬಲ್ ಕಾರಿನ ಸರತಿ ಬೀದಿಯ ತಿರುವು ದಾಟಿರುತ್ತದೆ. ಮೆಟ್ಟಿಲಿಳಿಯಲು ಮಂಡಿ ಒಪ್ಪದವರು ಅಲ್ಲಿಂದ ಎರಡು ಗಂಟೆ ಮೊದಲೇ ಹೊರಡುವುದು ಕ್ಷೇಮ.

ಹೀಗೆ ದೋಣಿಯಲ್ಲಿ ಇಳಿಯಬೇಕಾದ ನಿಲುಗಡೆಗಳನ್ನು ‘ಟೆಂಡರ್’ ಬಂದರುಗಳೆನ್ನುತ್ತಾರೆ. ವೇಳಾಪಟ್ಟಿಯಲ್ಲಿ ಒಂದು ಪುಟ್ಟ ಲಂಗರಿನ ಚಿಹ್ನೆಯೋ ನಕ್ಷತ್ರವೋ ಇರುತ್ತದೆ. ಗ್ರ್ಯಾಂಡ್ ಕೇಮನ್, ಬೆಲೀಝ್ ನಗರ ಇಂಥವು. ಇಲ್ಲಿ ಹೋಗುವಾಗ ಅರ್ಧ ಗಂಟೆಯಿಂದ ಒಂದು ಗಂಟೆ, ಬರುವಾಗ ಅಷ್ಟೇ ಹೊತ್ತು ಲೆಕ್ಕದಿಂದ ಕಳೆಯಬೇಕು. ಹಡಗಿನವರ ಪ್ರವಾಸಕ್ಕೆ ಹಣ ಕೊಟ್ಟವರಿಗೆ ಮೊದಲ ದೋಣಿಗಳು, ಉಳಿದವರಿಗೆ ಚೀಟಿಯ ಸಂಖ್ಯೆಯ ಪ್ರಕಾರ. ಅಲೆ ಹೆಚ್ಚಿದ್ದರೆ ದೋಣಿಗೆ ಕಾಲಿಡುವ ಹೊತ್ತಿನಲ್ಲಿ ಅದು ಒಂದಡಿ ಮೇಲೆ, ಒಂದಡಿ ಕೆಳಗೆ ತೂಗುತ್ತಿರುತ್ತದೆ. ಗಾಲಿಕುರ್ಚಿ ಬಳಸುವವರಿಗೆ, ನಡಿಗೆ ಕಷ್ಟವಿರುವ ಹಿರಿಯರಿಗೆ ಇದು ಅಸಾಧ್ಯವೂ ಆಗಬಹುದು. ಗಾಳಿ ಬಿರುಸಾದರೆ ಮೊದಲು ರದ್ದಾಗುವುದೂ ಇವೇ ಬಂದರುಗಳು. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವವರು ಟೆಂಡರ್ ಬಂದರು ಒಂದಕ್ಕಿಂತ ಹೆಚ್ಚಿರುವ ಮಾರ್ಗವನ್ನು ಬಿಟ್ಟುಬಿಡಬೇಕು ಎಂದೇ ಹೇಳುತ್ತೇನೆ.

ಇನ್ನು ದಡಕ್ಕಿಳಿದ ಮೇಲಿನ ಮಾತು. ಒಂದು ಬಂದರಿಗೆ ಒಂದೇ ಕೆಲಸ ಎಂಬ ನಿಯಮವನ್ನು ನಾನು ಬಿಗಿಯಾಗಿ ಪಾಲಿಸುತ್ತೇನೆ. ಆ ಒಂದು ಯಾವುದು ಎಂಬುದನ್ನು ಹಿಂದಿನ ರಾತ್ರಿಯಲ್ಲ, ಮಾರ್ಗ ಆರಿಸುವಾಗಲೇ ಗೊತ್ತುಮಾಡಿಕೊಳ್ಳಬೇಕು, ಏಕೆಂದರೆ ನಾರ್ವೆಯ ಫ್ಲೋಮ್ ರೈಲಿನ ಟಿಕೆಟ್ಟಾಗಲಿ, ಅಕ್ರೊಪೊಲಿಸ್‌ನ ನಿಗದಿತ ಹೊತ್ತಿನ ಪ್ರವೇಶವಾಗಲಿ, ವ್ಯಾಟಿಕನ್ ಆಗಲಿ, ಹಡಗು ಬರುವ ದಿನದಂದು ಬಾಗಿಲಲ್ಲಿ ನಿಂತವರಿಗೆ ಸಿಗುವುದು ಕಷ್ಟ. ಉಳಿದ ಹೊತ್ತನ್ನು ಖಾಲಿ ಬಿಡಬೇಕು. ಖಾಲಿ ಬಿಟ್ಟ ಆ ಗಂಟೆಯಲ್ಲಿ ಹಿಂದಿನ ಬೀದಿಯೊಂದರಲ್ಲಿ ಸುಮ್ಮನೆ ನಡೆದಾಡಿದ್ದೇ ಕೆಲವು ಊರುಗಳ ಬಗ್ಗೆ ನನಗೆ ಹೆಚ್ಚು ನೆನಪಿರುವುದು.

ಹಡಗಿನವರು ಏರ್ಪಡಿಸುವ ಪ್ರವಾಸವೋ ಸ್ವಂತ ಓಡಾಟವೋ ಎಂಬ ವಾದಕ್ಕೆ ಕೊನೆಯೇ ಇಲ್ಲ. ಹಡಗಿನವರ ಪ್ರವಾಸದ ದೊಡ್ಡ ಲಾಭ ಒಂದೇ: ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದ್ದು. ನಷ್ಟಗಳು ಹಲವು: ಹಡಗಿನ ನಾಟಕಶಾಲೆಯಲ್ಲಿ ಅಂಗಿಗೆ ಅಂಟಿಸಿಕೊಂಡ ಸಂಖ್ಯೆಯ ಚೀಟಿಯೊಂದಿಗೆ ಕಾಯುವುದು, ನಲವತ್ತು ಜನ ಇಳಿದು ಹತ್ತುವ ಬಸ್ಸು, ಕೇಳದಿದ್ದರೂ ಸಿಗುವ ಅಂಗಡಿಯ ಭೇಟಿ. ದೂರವನ್ನು ನೋಡಿ ನಾನು ತೀರ್ಮಾನಿಸುತ್ತೇನೆ. ಸ್ಥಳ ಎರಡು ಗಂಟೆಯಾಚೆ ಇದ್ದು, ಅಲ್ಲಿಗೆ ಒಂದೇ ರಸ್ತೆಯಿದ್ದರೆ, ಅಥವಾ ನಡುವೆ ಇನ್ನೊಂದು ದೋಣಿ ಹತ್ತಬೇಕಾಗಿದ್ದರೆ, ಹಡಗಿನವರ ಪ್ರವಾಸವೇ ಸರಿ. ಕೊಜುಮೆಲ್ ದ್ವೀಪದಿಂದ ಫೆರಿ ಹಿಡಿದು ನೆಲಕ್ಕೆ ದಾಟಿ ತುಲುಮ್‌ನ ಮಾಯಾ ಅವಶೇಷಗಳಿಗೆ ಹೋಗುವುದು ಇಂಥದ್ದು. ರೈಲಿನಲ್ಲಿ ಸುಲಭವಾಗಿ ತಲುಪುವಂಥದ್ದಾದರೆ ಸ್ವಂತವಾಗಿ ಹೋಗುವುದೇ ಚೆನ್ನ. ಪಿರೇಯಸ್ ಬಂದರಿನಿಂದ ಅಥೆನ್ಸಿನ ನಡುವಿಗೆ ಮೆಟ್ರೊ ಇದೆ. ನೇಪಲ್ಸ್‌ನ ಗರಿಬಾಲ್ದಿ ನಿಲ್ದಾಣದಿಂದ ಚಿರ್ಕುಂವೆಸುವಿಯಾನಾ ರೈಲು ಸುಮಾರು ನಲವತ್ತು ನಿಮಿಷಗಳಲ್ಲಿ ಪೊಂಪೈನ ದ್ವಾರದ ಹತ್ತಿರವೇ ಇಳಿಸುತ್ತದೆ.

ನಡುವಿನ ದೂರಕ್ಕೆ, ಅಂದರೆ ಅರ್ಧ ಗಂಟೆಯ ದಾರಿಗೆ, ಟ್ಯಾಕ್ಸಿಯೋ ಸಣ್ಣ ಗುಂಪಿನ ಸ್ಥಳೀಯ ಮಾರ್ಗದರ್ಶಿಯೋ ಸೂಕ್ತ. ಟರ್ಕಿಯ ಕುಶಾದಸಿಯಿಂದ ಪ್ರಾಚೀನ ನಗರ ಎಫೆಸಸ್ ಸುಮಾರು 20 ಕಿ.ಮೀ. ಅಲ್ಲಿ ಎರಡು ದ್ವಾರಗಳಿವೆ, ಊರು ಇಳಿಜಾರಿನಲ್ಲಿದೆ. ಟ್ಯಾಕ್ಸಿಯವನಿಗೆ ಮೇಲಿನ ದ್ವಾರದಲ್ಲಿ ಇಳಿಸಿ ಕೆಳಗಿನ ದ್ವಾರದಲ್ಲಿ ಕಾಯುವಂತೆ ಹೇಳಿದರೆ ಇಡೀ ಪಟ್ಟಣವನ್ನು ಇಳಿಯುತ್ತಾ ನೋಡಬಹುದು, ಬಿಸಿಲಿನಲ್ಲಿ ಅಮೃತಶಿಲೆಯ ದಾರಿಯನ್ನು ಏರುವ ಕಷ್ಟವಿರುವುದಿಲ್ಲ, ಸೆಲ್ಸಸ್ ಗ್ರಂಥಾಲಯದ ಮುಂಭಾಗ ತಿರುವಿನಾಚೆಯಿಂದ ನಿಧಾನವಾಗಿ ಎದುರಾಗುತ್ತದೆ. ಬಹಳಷ್ಟು ಬಸ್ಸುಗಳ ಗುಂಪುಗಳೂ ಹೀಗೆಯೇ ಬರುವುದರಿಂದ ಬೆಳಿಗ್ಗೆ ಬೇಗ ತಲುಪಬೇಕು, ಅಷ್ಟೇ.

ಗಡಿಯಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಲೆ ಹೇಳಿದ ಕೊಜುಮೆಲ್ ಇರುವ ಕಿಂತಾನಾ ರೂ ರಾಜ್ಯ ವರ್ಷವಿಡೀ ತನ್ನ ಗಡಿಯಾರವನ್ನು ಬದಲಿಸುವುದಿಲ್ಲ. ಫ್ಲಾರಿಡಾ ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುತ್ತದೆ. ಮಿಯಾಮಿಯಿಂದ ಹೊರಟ ಹಡಗು ತನ್ನ ಗಡಿಯಾರವನ್ನು ಹಾಗೆಯೇ ಇಟ್ಟುಕೊಂಡಿದ್ದರೆ, ದಡದ ಗಡಿಯಾರಗಳಲ್ಲಿ ಮೂರು ಗಂಟೆಯಾದಾಗ ಹಡಗಿನಲ್ಲಿ ನಾಲ್ಕಾಗಿರುತ್ತದೆ. ಮೊಬೈಲ್ ತಾನಾಗಿಯೇ ದಡದ ಸಮಯಕ್ಕೆ ತಿರುಗಿಕೊಂಡಿರುತ್ತದೆ, ಅದನ್ನು ನಂಬಿದವರು ಆರಾಮವಾಗಿ ಕುಳಿತಿರುತ್ತಾರೆ. ಕಟ್ಟೆಯ ಮೇಲೆ ಚೀಲ ಹಿಡಿದು ಓಡಿಬರುವ ಜನರನ್ನು ಡೆಕ್ಕಿನ ಮೇಲಿಂದ ನೋಡಿ ಉಳಿದವರು ಚಪ್ಪಾಳೆ ತಟ್ಟುವ ದೃಶ್ಯ ಕ್ರೂಸ್‌ಗಳಲ್ಲಿ ಒಂದು ಮನರಂಜನೆಯೇ ಆಗಿಬಿಟ್ಟಿದೆ (ನನಗೆ ಅದು ಅಷ್ಟೇನೂ ಹಿಡಿಸುವುದಿಲ್ಲ). ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಕಟ್ಟಿಕೊಳ್ಳುವುದು ಇದಕ್ಕೆ ಸರಳವಾದ ಉಪಾಯ. ಜೊತೆಗೆ, ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಬರುವ ದಿನಚರಿಯ ಹಾಳೆಯ ಫೋಟೊ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. ಅದರಲ್ಲಿ ಮರಳುವ ಗಡುವಿನ ಜೊತೆಗೆ ಆ ಬಂದರಿನಲ್ಲಿ ಕಂಪನಿಯ ಪರವಾಗಿರುವ ಪೋರ್ಟ್ ಏಜೆಂಟರ ಫೋನ್ ಸಂಖ್ಯೆಯೂ ಇರುತ್ತದೆ. ಹಡಗು ತಪ್ಪಿದವರಿಗೆ ಮೊದಲ ಆಸರೆ ಆ ಏಜೆಂಟರೇ, ಆದರೆ ಮುಂದಿನ ಬಂದರಿಗೆ ಹೋಗುವ ಖರ್ಚು ತಮ್ಮದೇ. ಊರಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಹಡಗಿನಲ್ಲಿರುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಡುವುದನ್ನು ಮರೆಯಬಾರದು, ಸಮುದ್ರದ ಮೇಲಿನ ಉಪಗ್ರಹ ಜಾಲಕ್ಕೆ ಅದು ಸಿಕ್ಕಿಕೊಂಡರೆ ಬರುವ ಬಿಲ್ಲು ಸಾಮಾನ್ಯ ರೋಮಿಂಗ್‌ನದ್ದಲ್ಲ.

ವೀಸಾ ಬೇಕಾಗುವವರು ಮಾರ್ಗವನ್ನು ಗಡಿಗಳ ಕಣ್ಣಿನಿಂದಲೂ ಓದಬೇಕು. ಗ್ರೀಸ್‌ನಲ್ಲಿ ಹತ್ತಿ ಟರ್ಕಿಯನ್ನು ಮುಟ್ಟಿ ಮತ್ತೆ ಗ್ರೀಸ್‌ಗೆ ಮರಳುವ ಹಡಗು ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ವಲಯದಿಂದ ಹೊರಹೋಗಿ ಒಳಬಂದಂತೆ. ಒಂದೇ ಪ್ರವೇಶದ ವೀಸಾ ಸಾಲದು, ಬಹುಪ್ರವೇಶದ್ದೇ ಬೇಕು. ಮಾಂಟೆನೆಗ್ರೊ ವಲಯದ ಹೊರಗಿದೆ, ಕ್ರೊಯೇಷಿಯಾ 2023ರ ಜನವರಿಯಿಂದ ಒಳಗಿದೆ. ಇಳಿಯುವುದಿಲ್ಲ, ಹಡಗಿನಲ್ಲೇ ಇರುತ್ತೇನೆ ಎಂದರೂ ಮಾರ್ಗದಲ್ಲಿರುವ ಎಲ್ಲ ದೇಶಗಳ ದಾಖಲೆಗಳನ್ನು ಹತ್ತುವಾಗಲೇ ಕೇಳುವ ಕಂಪನಿಗಳಿವೆ.

ಇಳಿಯದೇ ಇರುವುದೂ ಒಂದು ಒಳ್ಳೆಯ ಆಯ್ಕೆಯೇ. ಸತತವಾಗಿ ಐದು ದಿನ ಬೆಳಿಗ್ಗೆ ಏಳಕ್ಕೆ ಎದ್ದು ಓಡಿದವರಿಗೆ ಐದನೆಯ ಊರಿನ ಚರ್ಚು ಮೂರನೆಯ ಊರಿನದ್ದರಂತೆಯೇ ಕಾಣತೊಡಗುತ್ತದೆ. ಎಲ್ಲರೂ ಇಳಿದುಹೋದ ಹಡಗಿನಲ್ಲಿ ಈಜುಕೊಳ ಖಾಲಿ, ಡೆಕ್ಕಿನ ಕುರ್ಚಿಗಳು ಖಾಲಿ. ಹಾಗಾಗಿ ನಡುನಡುವೆ ಬಂದರಿಲ್ಲದ ಸಮುದ್ರದ ದಿನಗಳಿರುವ ಮಾರ್ಗವನ್ನು ಕಂಡಾಗ ಆ ದಿನ ವ್ಯರ್ಥ ಎಂದು ಬಗೆಯಬಾರದು. ಮರುದಿನದ ಬಂದರನ್ನು ಎಚ್ಚರವಾಗಿ ನೋಡುವ ಶಕ್ತಿ ಬರುವುದು ಅದರಿಂದಲೇ.

ಕೊನೆಯದಾಗಿ, ವೇಳಾಪಟ್ಟಿಗೆ ಕಂಪನಿ ಬದ್ಧವಲ್ಲ. ಟಿಕೆಟ್ಟಿನ ಷರತ್ತುಗಳ ಪ್ರಕಾರ ಹವಾಮಾನ, ಸುರಕ್ಷತೆ, ಯಂತ್ರದ ತೊಂದರೆ ಮುಂತಾದ ಕಾರಣಗಳಿಗೆ ಕ್ಯಾಪ್ಟನ್ ಬಂದರನ್ನು ಬಿಡಬಹುದು, ಬದಲಿಸಬಹುದು. ಮರಳಿ ಸಿಗುವುದು ಸಾಮಾನ್ಯವಾಗಿ ಆ ಬಂದರಿನ ಶುಲ್ಕ ಮಾತ್ರ. ಒಂದೇ ಒಂದು ಊರನ್ನು ನೋಡಲೆಂದು ಕ್ರೂಸ್ ಹೊರಡುವವರು ಈ ಕಾರಣಕ್ಕೆ ಆ ಊರನ್ನು ಹಡಗು ಹತ್ತುವ ಅಥವಾ ಇಳಿಯುವ ಬಂದರನ್ನಾಗಿ ಮಾಡಿಕೊಳ್ಳುವುದು ಉತ್ತಮ. ಅಥೆನ್ಸ್, ಬಾರ್ಸಿಲೋನಾ, ಇಸ್ತಾಂಬುಲ್, ವ್ಯಾಂಕೂವರ್ ಎಲ್ಲವೂ ಇಂಥ ಬಂದರುಗಳು. ಹತ್ತುವ ಊರಿಗೆ ಒಂದು ದಿನ ಮೊದಲೇ ಹೋಗುವುದು ವಿಮಾನ ತಡವಾದರೆ ಹಡಗು ತಪ್ಪದಿರಲು ಹೇಗೂ ಬೇಕಾದದ್ದೇ. ಅದನ್ನು ಎರಡು ದಿನ ಮಾಡಿಕೊಂಡರೆ ಅಕ್ರೊಪೊಲಿಸ್ ಅನ್ನು ಸಂಜೆಯ ತಂಪಿನಲ್ಲಿ ನೋಡಬಹುದು. ಇಳಿಯುವ ದಿನ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹಡಗಿನಿಂದ ಕಳಿಸಿಬಿಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲಿನ ವಿಮಾನವನ್ನು ಅಂದು ಹಿಡಿಯುವ ಸಾಹಸ ಬೇಡ. ಸಾಮಾನನ್ನು ನಿಲ್ದಾಣದ ಲಾಕರಿನಲ್ಲೋ ಹೋಟೆಲಿನಲ್ಲೋ ಇಟ್ಟು ಹೊರಟರೆ ಮರಳುವ ಗಡುವಿಲ್ಲದ ಒಂದು ಪೂರ್ತಿ ದಿನ ಸಿಗುತ್ತದೆ, ಮತ್ತು ಮಾರ್ಗಗಳನ್ನು ಹೋಲಿಸುವಾಗ ಆ ದಿನದ ಗಂಟೆಗಳನ್ನೂ ನಾನು ಲೆಕ್ಕಕ್ಕೆ ಸೇರಿಸುತ್ತೇನೆ.